ಎನ್.ಒ.ಸಿ. ಹಿಡಿದು ಹೊರಟ ದಾವಣಗೆರೆಯ ಹುಡುಗ

ದಾವಣಗೆರೆ ಅಂದರೆ ಮೊದಲು ನೆನಪಾಗುವುದು ಬೆಣ್ಣೆದೋಸೆ. ಕ್ರಿಕೆಟ್ ಹುಚ್ಚಿನವರಾದರೆ ಆರ್. ವಿನಯ್ ಕುಮಾರ್ ಹೆಸರು ಹೇಳುತ್ತಾರೆ. ಅದೇ ಊರಿನ ಇನ್ನೊಬ್ಬ ಆಟಗಾರ ಯಾರು ಅಂತ ಕೇಳಿ ನೋಡಿ, ಬಹಳ ಜನ ತಲೆ ಕೆರೆದುಕೊಳ್ಳುತ್ತಾರೆ. ಅವರ ಹೆಸರು ಗಣೇಶ್ ಸತೀಶ್. 1988ರಲ್ಲಿ ಹುಟ್ಟಿದವರು, ಮಧ್ಯಮ ಕ್ರಮಾಂಕದ ಬ್ಯಾಟ್ಸ್‌ಮನ್. ಭಾರತ ತಂಡದ ಟೋಪಿ ಅವರಿಗೆ ಸಿಗಲಿಲ್ಲ. ಆದರೆ ರಣಜಿ ಟ್ರೋಫಿ ಗೆದ್ದ ತಂಡದಲ್ಲಿ ಮೂರು ಸಲ ಇದ್ದರು. ಒಮ್ಮೆ ಕರ್ನಾಟಕದ ಪರ, ಎರಡು ಸಲ ವಿದರ್ಭದ ಪರ.

ಕನ್ನಡ ಶಾಲೆಯ ಮಾಸ್ತರನಿಗೆ ಕ್ರಿಕೆಟ್ ಉಸಾಬರಿ ಯಾಕೆ ಅಂತ ಕೇಳಬೇಡಿ. ಗಡಿಯಾಚೆ ಬಂದು ಬದುಕುವ ನಮಗೆ ಈ ಆಟಗಾರನ ಕಥೆಯಲ್ಲಿ ಸ್ವಲ್ಪ ಕೆಲಸವಿದೆ.

2010ರ ಜನವರಿ. ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಮುಂಬೈ ವಿರುದ್ಧ ರಣಜಿ ಫೈನಲ್. ಮುಂಬೈ 233 ಮತ್ತು 234, ನಮ್ಮವರು ಮೊದಲ ಇನ್ನಿಂಗ್ಸ್‌ನಲ್ಲಿ ಬರೀ 130. ಗೆಲ್ಲಲು ಎಷ್ಟು ಬೇಕು? ಈ ಲೆಕ್ಕವನ್ನು ನಾನು ಬೋರ್ಡಿನ ಮೇಲೆ ಬರೆದರೆ ಮಕ್ಕಳು ಸಂಕಲನ, ವ್ಯವಕಲನ ಎರಡನ್ನೂ ಖುಷಿಯಿಂದ ಮಾಡುತ್ತಾರೆ. ಉತ್ತರ 338. ಮನೀಷ್ ಪಾಂಡೆ 144 ಹೊಡೆದರು. ಜೊತೆಗೆ ನಿಂತು 75 ಹೊಡೆದವರು ಗಣೇಶ್ ಸತೀಶ್. ಕರ್ನಾಟಕ 331ಕ್ಕೆ ಮುಗಿಯಿತು. ಆರು ರನ್ನಿನ ಸೋಲು! ಆ ಪಂದ್ಯದ ಮಾತು ಬಂದರೆ ಎಲ್ಲರೂ ನೆನೆಯುವುದು 144ನ್ನು. 75 ಯಾರಿಗೂ ನೆನಪಿರುವುದಿಲ್ಲ.

ನಾಲ್ಕು ವರ್ಷದ ನಂತರ, 2014ರಲ್ಲಿ, ಹೈದರಾಬಾದಿನಲ್ಲಿ ಮಹಾರಾಷ್ಟ್ರದ ವಿರುದ್ಧ ಫೈನಲ್. ಕೆ.ಎಲ್. ರಾಹುಲ್ 131, ಗಣೇಶ್ ಸತೀಶ್ 117. ಈ ಸಲ ಕಪ್ ಕರ್ನಾಟಕಕ್ಕೇ ಬಂತು. ಫೈನಲ್‌ನಲ್ಲಿ ಶತಕ ಹೊಡೆದವರಿಗೆ ಇನ್ನೇನು ಚಿಂತೆ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಆಗ ಕರ್ನಾಟಕದಲ್ಲಿ ಬ್ಯಾಟ್ಸ್‌ಮನ್‌ಗಳ ಸಾಲು ಉದ್ದವಿತ್ತು. ಉತ್ತಪ್ಪ, ರಾಹುಲ್, ಪಾಂಡೆ, ಕರುಣ್ ನಾಯರ್... ಮುಂದಿನ ಋತುವಿನಲ್ಲಿ ಗಣೇಶ್ ಸತೀಶ್ ವಿದರ್ಭದ ಪರ ಆಡಿದರು. ಒಂದು ರಾಜ್ಯ ತಂಡ ಹೊರಗಿನಿಂದ ಮೂವರು ವೃತ್ತಿಪರ ಆಟಗಾರರನ್ನು ತೆಗೆದುಕೊಳ್ಳಬಹುದು ಎಂಬ ನಿಯಮವಿದೆ. ಮೂಲ ರಾಜ್ಯದ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ, ಅಂದರೆ ಎನ್.ಒ.ಸಿ. ತರಬೇಕು. ನಮ್ಮ ಗೋವಾಕ್ಕೆ ಅರ್ಜುನ್ ತೆಂಡೂಲ್ಕರ್ ಮುಂಬೈ ಬಿಟ್ಟು ಬಂದು, 2022ರ ಡಿಸೆಂಬರ್‌ನಲ್ಲಿ ಪರ್ವರಿಯಲ್ಲಿ ತಮ್ಮ ಮೊದಲ ರಣಜಿ ಪಂದ್ಯದಲ್ಲೇ 120 ಹೊಡೆದದ್ದೂ ಹೀಗೆ ರಾಜ್ಯ ಬದಲಿಸಿಯೇ.

ಇನ್ನು ಕಥೆಯ ಮುಖ್ಯ ಭಾಗ. 2017ರ ಡಿಸೆಂಬರ್, ಕೋಲ್ಕತ್ತದ ಈಡನ್ ಗಾರ್ಡನ್ಸ್. ರಣಜಿ ಸೆಮಿಫೈನಲ್. ಒಂದು ಕಡೆ ಕರ್ನಾಟಕ, ನಾಯಕ ದಾವಣಗೆರೆಯ ವಿನಯ್ ಕುಮಾರ್. ಇನ್ನೊಂದು ಕಡೆ ವಿದರ್ಭ, ಅದರಲ್ಲಿ ದಾವಣಗೆರೆಯ ಗಣೇಶ್ ಸತೀಶ್! ವಿದರ್ಭ ಮೊದಲ ಇನ್ನಿಂಗ್ಸ್‌ನಲ್ಲಿ 116 ರನ್ ಹಿಂದೆ ಬಿದ್ದಿತ್ತು. ಎರಡನೇ ಇನ್ನಿಂಗ್ಸ್‌ನಲ್ಲಿ 313 ಮಾಡಿತು, ಅದರಲ್ಲಿ 81 ಗಣೇಶ್ ಸತೀಶ್ ಅವರದು. ಕರ್ನಾಟಕಕ್ಕೆ 198 ಬೇಕಿತ್ತು. ರಜನೀಶ್ ಗುರ್ಬಾನಿ ಏಳು ವಿಕೆಟ್ ಕಿತ್ತರು. ವಿನಯ್ 36 ಹೊಡೆದು ಹೋರಾಡಿದರೂ 192ಕ್ಕೆ ಆಟ ಮುಗಿಯಿತು. ಐದು ರನ್ನಿನ ಸೋಲು. ನಂತರ ಇಂದೋರಿನಲ್ಲಿ ದೆಹಲಿಯನ್ನು ಸೋಲಿಸಿ ವಿದರ್ಭ ತನ್ನ ಮೊಟ್ಟಮೊದಲ ರಣಜಿ ಕಪ್ ಎತ್ತಿತು. ಮರುವರ್ಷವೂ ಅದೇ ಗೆದ್ದಿತು. 2023-24ರಲ್ಲಿ ಗಣೇಶ್ ಸತೀಶ್ ತ್ರಿಪುರ ತಂಡಕ್ಕೆ ಹೋದರು.

ಮೈಸೂರಿನಲ್ಲಿ ಕರ್ನಾಟಕಕ್ಕಾಗಿ ಆಡಿ ಆರು ರನ್ನಿನಿಂದ ಸೋತವರು, ಕೋಲ್ಕತ್ತದಲ್ಲಿ ಕರ್ನಾಟಕದ ವಿರುದ್ಧ ಆಡಿ ಐದು ರನ್ನಿನಿಂದ ಗೆದ್ದರು. ಅವರನ್ನು ಏನಂತ ಕರೆಯೋಣ? ದ್ರೋಹಿ ಅನ್ನೋಣವೇ? ನನಗಂತೂ ಹಾಗೆ ಅನ್ನಿಸುವುದಿಲ್ಲ. ಕರ್ನಾಟಕದ ಪರ ಇದ್ದಾಗ ಕರ್ನಾಟಕಕ್ಕೆ ದುಡಿದರು, ಕರೆದವರ ಮನೆಗೆ ಹೋದಾಗ ಆ ಮನೆಗೆ ದುಡಿದರು. ಎರಡು ಕಡೆಯೂ ಕೆಲಸದಲ್ಲಿ ಕಳ್ಳತನ ಮಾಡಲಿಲ್ಲ.

ಈ ಕಥೆಯನ್ನು ತರಗತಿಯಲ್ಲಿ ಹೇಳಿದಾಗ ಬಾಗಲಕೋಟೆ ಕಡೆಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸರ್, ಗೋವಾ ಮತ್ತ ಕರ್ನಾಟಕದ ಮ್ಯಾಚ್ ಆದ್ರ ನಾವ್ ಯಾರ ಕಡೆ ಇರ್ಬೇಕ್ರೀ?" ಉಳಿದವರೆಲ್ಲ ನಕ್ಕರು. ಅವನು ನಗಲಿಲ್ಲ. ಅವನಿಗೆ ಅದು ನಿಜವಾದ ಪ್ರಶ್ನೆ. ಇಲ್ಲಿ ಕೆಲವರ ಬಾಯಲ್ಲಿ ಅವನು 'ಘಾಟಿ'. ರಜೆಗೆ ಊರಿಗೆ ಹೋದರೆ ಅಲ್ಲಿಯ ಹುಡುಗರಿಗೆ 'ಗೋವಾದವ'. "ಯಾರು ಚೆನ್ನಾಗಿ ಆಡ್ತಾರೋ ಅವರಿಗೆ ಚಪ್ಪಾಳೆ ಹೊಡಿ, ಎರಡೂ ನಿನ್ನವೇ" ಅಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ ಕೂತ.

ಕಾಣಕೋಣದ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿಯ ಪಾಳೋಳೆ ಕಡಲತೀರದ ಗುಡಿಸಲುಗಳನ್ನು ಮಳೆಗಾಲಕ್ಕೆ ಮುಂಚೆ ಬಿಚ್ಚುತ್ತಾರೆ, ಮಳೆ ಮುಗಿದ ಮೇಲೆ ಮತ್ತೆ ಕಟ್ಟುತ್ತಾರೆ. ಹೋಟೆಲ್ ಕೆಲಸ, ಗಾರೆ ಕೆಲಸ, ರಸ್ತೆ ಕೆಲಸ ಎಲ್ಲವೂ ಹಂಗಾಮಿನ ಜೊತೆ ಬಂದು ಹೋಗುತ್ತವೆ. ಕೆಲಸದ ಹಿಂದೆ ಅಪ್ಪ ಅಮ್ಮ, ಅವರ ಹಿಂದೆ ಮಕ್ಕಳು. ವರ್ಷದ ನಡುವೆ ಒಂದು ಬೆಂಚು ಖಾಲಿಯಾದರೆ ಆ ಮಗು ಮಡಗಾಂವಿಗೆ ಹೋಯಿತೋ, ಕಾರವಾರಕ್ಕೋ, ಊರಿಗೋ ನಮಗೆ ತಿಳಿಯುವುದೇ ಇಲ್ಲ.

ಇಲ್ಲೇ ಗಣೇಶ್ ಸತೀಶ್ ಅವರಿಗೂ ನಮ್ಮ ಮಕ್ಕಳಿಗೂ ದೊಡ್ಡ ವ್ಯತ್ಯಾಸ. ಅವರು ತಂಡ ಬದಲಿಸಿದರೂ ಹೊಡೆದ ರನ್ನೆಲ್ಲ ಅವರ ಹೆಸರಿನಲ್ಲೇ ಉಳಿದವು. ನಾಗಪುರಕ್ಕೆ ಹೋದ ತಕ್ಷಣ ಯಾರೂ ಅವರನ್ನು ಸೊನ್ನೆಯಿಂದ ಶುರು ಮಾಡು ಅನ್ನಲಿಲ್ಲ. ನಮ್ಮ ಮಕ್ಕಳು ಹೋಗುವುದು ಟೆಂಪೋದಲ್ಲಿ ಪಾತ್ರೆ ಪಗಡೆಗಳ ನಡುವೆ ಕೂತು, ಕೈಯಲ್ಲಿ ಟಿ.ಸಿ. ಇಲ್ಲದೆ. ನಾಲ್ಕನೇ ತರಗತಿ ಕಲಿತದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ.

ಆದರೆ ಕಾನೂನು ಮಕ್ಕಳ ಪರವಾಗಿಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಮಗು ರಾಜ್ಯದೊಳಗೇ ಹೋಗಲಿ, ಹೊರಗೇ ಹೋಗಲಿ, ಕೇಳಿದ ಕೂಡಲೇ ಮುಖ್ಯೋಪಾಧ್ಯಾಯರು ಟಿ.ಸಿ. ಕೊಡಬೇಕು. ಟಿ.ಸಿ. ಬರುವುದು ತಡವಾಯಿತೆಂಬ ನೆಪದಲ್ಲಿ ಹೊಸ ಸರ್ಕಾರಿ ಶಾಲೆ ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ಎಂಟನೇ ತರಗತಿಯವರೆಗೆ ಇದು ಮಗುವಿನ ಹಕ್ಕು, ಯಾರ ಉಪಕಾರವೂ ಅಲ್ಲ. ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ: ಹೊರಡುವ ಮುಂಚೆ ಒಂದು ದಿನ ಶಾಲೆಗೆ ಬಂದು ಹೋಗಿ. ಸಂಕೋಚ ಬೇಡ. ಶಿಕ್ಷಕ ಮಿತ್ರರಲ್ಲಿ ಇನ್ನೊಂದು ವಿನಂತಿ: ಬಂದ ಮಗುವಿಗೆ ಓದಲು ಬರೆಯಲು ಎಷ್ಟು ಬರುತ್ತದೆ ಅಂತ ಮೊದಲ ದಿನವೇ ಕೂರಿಸಿ ನೋಡಿ, ಅಲ್ಲಿಂದ ಮುಂದಕ್ಕೆ ಕಲಿಸಿ.

ಊರು ಬಿಟ್ಟವರು ಮರಳಿ ಬರುವುದೂ ಉಂಟು. 2016ರಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ 303 ಹೊಡೆದ ಕರುಣ್ ನಾಯರ್‌ಗೆ ಮುಂದೆ ಕರ್ನಾಟಕ ತಂಡದಲ್ಲೇ ಜಾಗ ಸಿಗದಂತಾಯಿತು. 2023ರಲ್ಲಿ ಅವರೂ ವಿದರ್ಭ ಸೇರಿದರು, 2024-25ರ ಫೈನಲ್‌ನಲ್ಲಿ 86 ಮತ್ತು 135 ಹೊಡೆದು ಕಪ್ ಗೆಲ್ಲಿಸಿದರು, ಭಾರತ ತಂಡಕ್ಕೆ ಮರಳಿದರು, ಆಮೇಲೆ ಕರ್ನಾಟಕಕ್ಕೂ ಬಂದರು. ಎಲ್ಲರಿಗೂ ಹೀಗೆ ಆಗುವುದಿಲ್ಲ. ಗಣೇಶ್ ಸತೀಶ್ ಅವರಿಗೆ ಆಗಲಿಲ್ಲ. ಹಾಗಂತ ಅವರ 75, 117, 81 ಸುಳ್ಳಾಗುವುದೂ ಇಲ್ಲ.

ಜೂನ್ ಬಂದರೆ ಮತ್ತೆ ಹೊಸ ದಾಖಲಾತಿ. ನಿಮ್ಮ ವಠಾರದಲ್ಲಿ ಶಾಲೆಗೆ ಹೋಗದ ಮಗು ಕಂಡರೆ ಹತ್ತಿರದ ಶಾಲೆಗೆ ಕರೆದುಕೊಂಡು ಬನ್ನಿ. ಕಾಗದ ಪತ್ರ ಆಮೇಲೆ ನೋಡಿಕೊಳ್ಳೋಣ.