ಹಂಗಳದ ಎದೆಬಡಿತ

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನಲ್ಲಿ ಕಾರು ಬಿಟ್ಟು ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಮೇಲೆ ಬಂದಿದ್ದೀರಿ. 1454 ಮೀಟರ್ ಎತ್ತರ. ಗಾಳಿ ಕಿವಿ ಕೊರೆಯುತ್ತಿದೆ. ಮಂಜು ಸರಿದಾಗಲೆಲ್ಲ ಕೆಳಗೆ ಬಂಡೀಪುರದ ಕಾಡು ಕಂಡು ಮರೆಯಾಗುತ್ತದೆ. ದೇಗುಲದ ಮೆಟ್ಟಿಲ ಬಳಿ ಐವತ್ತು ದಾಟಿದ ರೈತರೊಬ್ಬರು ಕುಸಿದು ಕುಳಿತರು ಎಂದುಕೊಳ್ಳಿ. ಬೆಟ್ಟದ ಕೆಳಗಿನ ಹಂಗಳದ ಕಡೆಯವರು, ಚೆಂಡುಹೂ ಬೆಳೆಯುವವರು. ಈ ಚಳಿಯಲ್ಲೂ ಹಣೆ ತುಂಬ ಬೆವರು. "ಏನಿಲ್ಲ ಕನ ಬುಡಪ್ಪ, ಗ್ಯಾಸು" ಅನ್ನುತ್ತಾರೆ. ಅಂಗೈ ಮಾತ್ರ ಎದೆಯ ನಡುವೆ ಒತ್ತಿಕೊಂಡೇ ಇದೆ. ಹೆಂಡತಿ ಸೋಡಾ ತರಲು ಏಳುತ್ತಾರೆ. ಅವರನ್ನು ತಡೆಯಿರಿ. ಗ್ಯಾಸು ಅಂದುಕೊಂಡೇ ಮನೆಯಲ್ಲಿ ಮಲಗಿದ ಎಷ್ಟೋ ಜನ ಮರುದಿನ ಏಳಲಿಲ್ಲ.

108ಕ್ಕೆ ಕರೆ ಮಾಡಿ ತಪ್ಪಲಿಗೇ ಬರಹೇಳಿ. ಅವರನ್ನು ಹತ್ತಿಸಿಕೊಂಡ ಬಸ್ಸು ತಿರುವಿನಿಂದ ತಿರುವಿಗೆ ಇಳಿಯುತ್ತದೆ. ಅವರ ಹೃದಯದ ಒಂದು ನಾಳ ರಕ್ತ ಹೆಪ್ಪುಗಟ್ಟಿ ಮುಚ್ಚಿದೆ. ಅದರ ಪಾಲಿನ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿದೆ.

ತಾಲ್ಲೂಕು ಆಸ್ಪತ್ರೆಯ ಮಂಚ. ಎದೆಗೆ ಆರು, ಕೈಕಾಲಿಗೆ ನಾಲ್ಕು ತಂತಿ. ಇಸಿಜಿ ಗೀಟು ಕಾಗದಕ್ಕೆ ಇಳಿಯುವಷ್ಟರಲ್ಲಿ ದೂರದ ಕಂಪ್ಯೂಟರಿಗೂ ತಲುಪಿದೆ. ಕೃತಕ ಬುದ್ಧಿಮತ್ತೆ ಅದನ್ನು ಓದಿ, ನಾಳ ಪೂರ್ತಿ ಮುಚ್ಚಿರುವ ಲಕ್ಷಣ ಕಂಡರೆ ಎಚ್ಚರಿಸುತ್ತದೆ. ತಜ್ಞ ವೈದ್ಯರು ನೋಡಿ ಖಚಿತಪಡಿಸುತ್ತಾರೆ. ಕರ್ನಾಟಕ ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಜೊತೆಗೂಡಿ 2023ರಲ್ಲಿ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯ ಕ್ರಮ ಇದು. ಅದಕ್ಕಿಟ್ಟಿರುವುದು 46ನೇ ವಯಸ್ಸಿಗೆ, 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ಹೋಗಿಬಿಟ್ಟ ನಟ ಪುನೀತ್ ರಾಜ್‌ಕುಮಾರ್ ಹೆಸರು. ಅವರ ತಂದೆಯ ಊರು ಗಾಜನೂರು ಇದೇ ಚಾಮರಾಜನಗರ ಜಿಲ್ಲೆಯ ಗಡಿಯಾಚೆ, ತಾಳವಾಡಿಯ ಬಳಿ ಇದೆ. ಈ ಸೀಮೆಯಲ್ಲಿ ಆ ಹೆಸರು ಕೇಳಿದರೆ ಈಗಲೂ ಗಂಟಲು ಕಟ್ಟುತ್ತದೆ.

ಟೆನೆಕ್ಟೆಪ್ಲೇಸ್. ಹತ್ತಾರು ಸಾವಿರ ರೂಪಾಯಿಯ ಇಂಜೆಕ್ಷನ್, ಯೋಜನೆಯಲ್ಲಿ ಉಚಿತ. ಒಂದೇ ಸಲಕ್ಕೆ ರಕ್ತನಾಳಕ್ಕೆ ಇಳಿಯುತ್ತದೆ, ಹೆಪ್ಪು ಕರಗಲು ತೊಡಗುತ್ತದೆ. ಆಂಬುಲೆನ್ಸ್ ಮೈಸೂರಿನತ್ತ ಹೊರಡುತ್ತದೆ.

ಮಾರನೆಯ ದಿನ, ಆಂಜಿಯೋಗ್ರಾಮ್ ಮುಗಿದ ಮೇಲೆ, ಹೃದಯದ ಸ್ಕ್ಯಾನ್ ಮಾಡುವ ಎಕೋ ಕೋಣೆ. ಕತ್ತಲಲ್ಲಿ ಪರದೆಯ ಮೇಲೆ ಬೂದು ಬಣ್ಣದ ಗುಂಡಿಗೆ ಮುದುಡಿ ಅರಳುತ್ತಿದೆ. ಒಂದು ಗೋಡೆ ಮಾತ್ರ ಸೋಮಾರಿ. ಎಡ ಕೋಣೆ ಪ್ರತಿ ಬಡಿತಕ್ಕೂ ತನ್ನಲ್ಲಿರುವ ರಕ್ತದಲ್ಲಿ ಎಷ್ಟು ಪಾಲು ಹೊರತಳ್ಳುತ್ತದೆ ಎಂಬ ಲೆಕ್ಕ ಬೇಕು. ಹಿಂದೆ ಕೈಯಲ್ಲಿ ಗೆರೆ ಎಳೆದು ಹಿಡಿಯುತ್ತಿದ್ದ ಆ ಲೆಕ್ಕವನ್ನು ಯಂತ್ರ ಬಡಿತ ಬಡಿತಕ್ಕೂ ತಾನೇ ಹಾಕಬಲ್ಲದು ಎಂದು ಸ್ಟ್ಯಾನ್‌ಫರ್ಡಿನ ತಂಡ 2020ರಲ್ಲಿ ತೋರಿಸಿತು. ಅದು ಕಲಿತು ಪರೀಕ್ಷೆಗೊಳಪಟ್ಟದ್ದು 10,030 ಎಕೋ ವಿಡಿಯೊಗಳ ಮೇಲೆ. ಅದಕ್ಕೂ ಒಂದು ವರ್ಷ ಮುಂಚೆ ಲಂಡನ್ನಿನ ಸಂಶೋಧಕರು ಇನ್ನೂ ಮುಂದೆ ಹೋಗಿದ್ದರು. ಶ್ವಾಸಕೋಶದ ಅಧಿಕ ರಕ್ತದೊತ್ತಡದ 302 ರೋಗಿಗಳ ಎಂಆರ್‌ಐಯಲ್ಲಿ ಹೃದಯ ಅಲುಗುವ ರೀತಿಯನ್ನು ಯಂತ್ರಕ್ಕೆ ಕಲಿಸಿ, ಯಾರ ಆಯುಸ್ಸು ಅಪಾಯದಲ್ಲಿದೆ ಎಂಬುದನ್ನು ರೂಢಿಯ ಅಳತೆಗಳಿಗಿಂತ ಚೆನ್ನಾಗಿ ಊಹಿಸಿದ್ದರು.

ಆದರೆ ಆ ಗುಂಡಿಗೆಗಳು ಹಂಗಳದವಲ್ಲ. 2007ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ಕ್ಕೇ ಆಗಿತ್ತು, ಉಳಿದವರಿಗೆ 59ರ ಹತ್ತಿರ. ನಮ್ಮವರ ನಾಳೆಯನ್ನು ಹೇಳುವ ಯಂತ್ರ ನಮ್ಮವರ ಹೃದಯವನ್ನೇ ನೋಡಿ ಕಲಿಯಬೇಕು. ಈ ರೈತರ ಒಪ್ಪಿಗೆ ಪಡೆದು, ಹೆಸರು ತೆಗೆದು, ಈ ವಿಡಿಯೊ ಕಾದಿಡಬೇಕು. ಮುಂದೆ ಅವರಿಗೆ ಏನಾಯಿತು ಎಂಬುದನ್ನೂ ಅದರ ಜೊತೆ ಬರೆದಿಡಬೇಕು. ಹಾಗಾಗಲು ಅವರು ಮತ್ತೆ ಬರಬೇಕಲ್ಲ? ನೋವು ಹೋಯಿತೆಂದು ಮಾತ್ರೆ ಬಿಡುವವರು, ಬಸ್ ಚಾರ್ಜಿಗೆ, ಕೂಲಿ ತಪ್ಪುವುದಕ್ಕೆ ಹೆದರಿ ಬಾರದವರು ಬಹಳ.

"ಹೂ ಕೊಯ್ಯಕೆ ಯಾವಾಗ ಹೋಗ್ಬೋದು ಸಾರ್?" ಅಂತ ರೈತರು ಕೇಳುತ್ತಾರೆ.

"ಒಂದೂವರೆ ತಿಂಗಳು ತಡೀರಿ. ಮಾತ್ರೆ ಒಂದಿನವೂ ಬಿಡಬೇಡಿ. ಮೂರು ತಿಂಗಳಿಗೆ ಇನ್ನೊಂದು ಎಕೋ," ಎನ್ನುತ್ತ ವೈದ್ಯರು ಚೀಟಿಯಲ್ಲಿ ತಾರೀಖು ಬರೆದು, ಪಕ್ಕದಲ್ಲಿ ಮಗನ ಮೊಬೈಲ್ ನಂಬರನ್ನೂ ಬರೆದುಕೊಳ್ಳುತ್ತಾರೆ.