ಹರಿಹರದಿಂದ ದಾವಣಗೆರೆಗೆ: ಕಾಲೇಜು ಸೇರಿಸುವ ಯಾತ್ರೆ

ಹರಿಹರಕ್ಕೆ ಹೋಗುವವರು ಸಾಮಾನ್ಯವಾಗಿ ಹರಿಹರೇಶ್ವರನ ದರ್ಶನಕ್ಕಾಗಿ ಹೋಗುವರು, ಇಲ್ಲವೆ ತುಂಗಭದ್ರೆಯ ಸ್ನಾನಕ್ಕಾಗಿ ಹೋಗುವರು. ಕಳೆದ ಬೇಸಗೆಯ ಕೊನೆಯಲ್ಲಿ ನಾವು ಹೋದುದು ಇವೆರಡಕ್ಕೂ ಅಲ್ಲ. ಅಲ್ಲಿರುವ ನಮ್ಮ ತಂಗಿಯ ಮಗಳು ದ್ವಿತೀಯ ಪಿ.ಯು.ಸಿ.ಯಲ್ಲಿ ತೇರ್ಗಡೆಯಾಗಿದ್ದಳು. ಮುಂದೆ ಯಾವ ವಿಷಯಗಳನ್ನು ಓದಬೇಕೆಂಬ ವಿಚಾರದಲ್ಲಿ ತಂದೆಗೂ ಮಗಳಿಗೂ ಹತ್ತು ದಿನಗಳಿಂದ ಮಾತು ನಿಂತಿದ್ದಿತು. "ಅಣ್ಣಾ, ನೀವೇ ಬಂದು ಈ ಗಂಟನ್ನು ಬಿಡಿಸಬೇಕು" ಎಂದು ತಂಗಿ ಕರೆದುದರಿಂದ ನಾವು ಮನೆಯವರೊಡನೆ ರಾಣೆಬೆನ್ನೂರಿನ ಕಡೆಯಿಂದ ಹೊಳೆ ದಾಟಿ ಸಂಜೆಗೆ ಅವರ ಮನೆ ಸೇರಿದೆವು.

ತಂಗಿಯ ಯಜಮಾನರು ಅಕ್ಕಿಯ ಗಿರಣಿಯೊಂದರಲ್ಲಿ ತೂಕ ನೋಡುವವರು. ಮಿತಭಾಷಿಗಳು. "ಭಾವ, ಮಗಳು ಬಿ.ಕಾಂ. ಮಾಡಲಿ. ಪಾಠಗಳು ಮಧ್ಯಾಹ್ನಕ್ಕೆ ಮುಗಿಯುವುವು. ಮೂರು ವರ್ಷಕ್ಕೆ ಲೆಕ್ಕಪತ್ರದ ಕೆಲಸವೊಂದು ಸಿಕ್ಕೀತು" ಎಂಬುದು ಅವರ ಮಾತು. ಹುಡುಗಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರನ್ನೂ ಓದಿ ಶಾಲೆಯಲ್ಲಿ ಗಣಿತ ಕಲಿಸಬೇಕೆಂಬ ಆಸೆ. ಈಗಾಗಲೇ ಅವಳು ಬೀದಿಯ ಏಳು ಮಕ್ಕಳಿಗೆ ಸಂಜೆ 5ರಿಂದ 7ರವರೆಗೆ ಪಾಠ ಹೇಳಿ ತಿಂಗಳಿಗೆ 2100 ರೂಪಾಯಿ ತರುತ್ತಿದ್ದಳು. ಆ ಹಣದಿಂದಲೇ ತಮ್ಮನ ಶಾಲೆಯ ಖರ್ಚು ನಡೆಯುತ್ತಿದ್ದಿತು. ವಿಜ್ಞಾನಕ್ಕೆ ಹೋದರೆ ಪ್ರಯೋಗಶಾಲೆಯಲ್ಲಿ ಸಂಜೆಯಾಗುವುದು, ಮಕ್ಕಳ ಪಾಠ ನಿಲ್ಲುವುದು ಎಂಬುದೇ ತಂದೆಯ ಭಯ. ಕೊನೆಗೆ ಅವರು, "ನೀವೇ ನೋಡಿ ಬನ್ನಿ. ಅರ್ಜಿ ಬೇಕಾದರೆ ಹಾಕಿ. ಹಣ ಕಟ್ಟುವ ಮುನ್ನ ಮಾತ್ರ ನನಗೆ ಲೆಕ್ಕ ತೋರಿಸಿ" ಎಂದರು.

ಮರುದಿನ ಬೆಳಿಗ್ಗೆ ಮೊದಲು ದೇವಸ್ಥಾನಕ್ಕೆ ಹೋದೆವು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು ಕ್ರಿ.ಶ. 1224ರ ಸುಮಾರಿನಲ್ಲಿ ಕಟ್ಟಿಸಿದ ಗುಡಿಯಿದು. ಬಲಗಡೆ ಹರ, ಎಡಗಡೆ ಹರಿ, ಇಬ್ಬರೂ ಒಂದೇ ಮೂರ್ತಿಯಾಗಿ ನಿಂತಿರುವರು. ಗುಹಾಸುರನನ್ನು ಅಡಗಿಸಲು ಇಬ್ಬರೂ ಒಂದಾದರೆಂಬುದು ಸ್ಥಳಪುರಾಣ. ಮಂಟಪದ ಕಂಬಗಳನ್ನು ತಿರುಗಣೆಗೆ ಕೊಟ್ಟು ಕಡೆದಿರುವರು. ಕೈಯಾಡಿಸಿದರೆ ಎಣ್ಣೆ ಸವರಿದಂತಿರುವುವು. ಏಳು ನೂರು ವರ್ಷಗಳ ಮೇಲೆ ಇದೇ ಊರಿನಲ್ಲಿ ಕಬ್ಬಿಣವನ್ನು ಕಡೆಯುವ ಲೇತುಯಂತ್ರಗಳೂ ತಯಾರಾದುವು. 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹರಿಹರದ ಹೆಸರನ್ನು ದೇಶಕ್ಕೆಲ್ಲ ಹರಡಿ ಈ ಶತಮಾನದ ಮೊದಲಲ್ಲಿ ಮುಚ್ಚಿತು. ಕಲ್ಲಿನ ಕೆಲಸ ಉಳಿದಿದೆ, ಕಬ್ಬಿಣದ ಕೆಲಸ ನಿಂತಿದೆ. ಮಕ್ಕಳಿಗೆ ಯಾವ ವಿದ್ಯೆ ಉಳಿದೀತೆಂದು ತಂದೆತಾಯಿಗಳು ಅಂಜುವುದು ಇಂತಹ ಊರಿನಲ್ಲಿ ಸಹಜವೇ ಸರಿ.

ಸೂಳೆಕೆರೆಯಿಂದ ಹರಿದುಬರುವ ಹರಿದ್ರಾ ಹಳ್ಳವು ಹೊಳೆಯನ್ನು ಕೂಡುವುದೂ ಈ ಊರಿನಲ್ಲಿಯೇ. ನೋಡುವ ಆಸೆಯಿದ್ದರೂ ಹುಡುಗಿ, "ಮಾವ, ತಡವಾದರೆ ಸಾಲು ಬೆಳೆಯುವುದು" ಎಂದು ಅವಸರಪಡಿಸಿದಳು. ಸರ್ಕಾರದ ಬಸ್ಸು ಹತ್ತಿದೆವು. 2023ರ ಜೂನ್ 11ರಿಂದ ಈ ಬಸ್ಸುಗಳಲ್ಲಿ ಹೆಂಗಸರಿಗೆ ಹಣವಿಲ್ಲದ ಪ್ರಯಾಣ ದೊರೆತಿರುವುದರಿಂದ ಮೂವರಲ್ಲಿ ಕಾಸು ಕೊಟ್ಟವರು ನಾವೊಬ್ಬರೇ. ದಾವಣಗೆರೆಗೆ ಸುಮಾರು 14 ಕಿಲೋಮೀಟರು. ದಾರಿಯಲ್ಲಿ ದೊಡ್ಡಬಾತಿ, ಇಕ್ಕೆಲದಲ್ಲಿಯೂ ಭದ್ರಾ ಕಾಲುವೆಯ ನೀರುಂಡ ಗದ್ದೆಗಳು.

ದಾವಣಗೆರೆ ಮೊದಲು ಬೇತೂರಿನ ಮಗ್ಗುಲಲ್ಲಿದ್ದ ಸಣ್ಣ ಹಳ್ಳಿ. ಹೈದರಾಲಿಯು ಇದನ್ನು ಆಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಅವನು ವರ್ತಕರನ್ನು ಕರೆದು ನೆಲೆಗೊಳಿಸಿದನು. ಮುಂದೆ ಹತ್ತಿಯ ಗಿರಣಿಗಳು ಬಂದು, ಊರು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತು. ಗಿರಣಿಗಳ ಕೊಳವೆಗಳು ಒಂದೊಂದಾಗಿ ಹೊಗೆ ನಿಲ್ಲಿಸಿದ ಮೇಲೆ ಊರನ್ನು ಹಿಡಿದೆತ್ತಿದುದು ವಿದ್ಯೆ. 1951ರಲ್ಲಿ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು, 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಹುಟ್ಟಿದುವು. 1997ರಲ್ಲಿ ಊರು ಜಿಲ್ಲೆಯ ಮುಖ್ಯಸ್ಥಳವಾಯಿತು. 2009ರಲ್ಲಿ ತೋಳಹುಣಸೆಯ ಬಳಿ ದಾವಣಗೆರೆ ವಿಶ್ವವಿದ್ಯಾಲಯವೇ ತಲೆಯೆತ್ತಿತು. ಒಂದು ಕಾಲಕ್ಕೆ ಹತ್ತಿಯ ಅಂಡಿಗೆಗಳು ಬಂದಿಳಿಯುತ್ತಿದ್ದ ಊರಿನಲ್ಲಿ ಈಗ ಜೂನ್ ಬಂದರೆ ಕಾಗದದ ಕಟ್ಟು ಹಿಡಿದ ಮಕ್ಕಳು ಬಂದಿಳಿಯುವರು.

ನಾವು ಹೋದ ಕಾಲೇಜಿನಲ್ಲಿ ನೂರಾರು ಜನ ನೆರೆದಿದ್ದರು. ಅಲ್ಲಿ ವಯಸ್ಸಾದ ಅಧ್ಯಾಪಕರೊಬ್ಬರು ಬೇಸರಿಸದೆ ಎಲ್ಲವನ್ನೂ ತಿಳಿಸಿದರು. 2021-22ರಿಂದ ಕೆಲವು ವರ್ಷ ಪದವಿಗೆ ಎರಡು ಪ್ರಧಾನ ವಿಷಯಗಳನ್ನು ಆರಿಸುವ ಕ್ರಮವಿದ್ದು, 2024-25ರಿಂದ ಮೂರು ವರ್ಷ, ಮೂರು ವಿಷಯಗಳ ಹಳೆಯ ಪದ್ಧತಿ ತಿರುಗಿ ಬಂದಿದೆಯೆಂದರು. "ತಾಯಿ, ಮೂರು ವಿಷಯಗಳನ್ನು ಆರಿಸುವುದೆಂದರೆ ಮುಂದಿನ ಬಾಗಿಲುಗಳನ್ನು ಆರಿಸಿದಂತೆ. ಪದವಿಯಲ್ಲಿ ಗಣಿತ ಓದದವರಿಗೆ ಗಣಿತದ ಎಂ.ಎಸ್‌ಸಿ. ಬಾಗಿಲು ತೆರೆಯುವುದು ಕಷ್ಟ. ಹೈಸ್ಕೂಲಿನಲ್ಲಿ ಕಲಿಸಬೇಕೆಂದರೆ ಪದವಿಯ ಮೇಲೆ ಬಿ.ಎಡ್. ಎರಡು ವರ್ಷ. ಒಟ್ಟು ಐದು ವರ್ಷವೆಂದು ಈಗಲೇ ಎಣಿಸಿಕೊ" ಎಂದು ಹುಡುಗಿಗೆ ಹೇಳಿದರು.

ಕ್ರೆಡಿಟ್ ಎಂಬ ಮಾತು ನಮಗೆ ಹೊಸದು. ವಾರಕ್ಕೆ ಒಂದು ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್, ಪ್ರಯೋಗಶಾಲೆಯ ಎರಡು ಗಂಟೆಗೆ ಒಂದು ಕ್ರೆಡಿಟ್ ಎಂಬುದು ಸಾಮಾನ್ಯವಾದ ಅಳತೆ. ಹಾಗಾಗಿ ಕ್ರೆಡಿಟ್ಟುಗಳನ್ನು ಮಾತ್ರ ಕೂಡಿ ಓದಿನ ಹೊರೆಯನ್ನು ಅಳೆದರೆ ವಿಜ್ಞಾನದ ವಿದ್ಯಾರ್ಥಿ ಮೋಸಹೋಗುವನು. ಗಂಟೆಗಳನ್ನೇ ಎಣಿಸಬೇಕು. ಹಿರಿಯ ವಿದ್ಯಾರ್ಥಿನಿಯೊಬ್ಬಳು ತನ್ನ ವೇಳಾಪಟ್ಟಿಯನ್ನು ತೋರಿಸಿದಳು. ನಮ್ಮ ಹುಡುಗಿ ಅದನ್ನು ಬರೆದುಕೊಂಡಳು.

ಹಸಿವಾಗಿದ್ದಿತು. ಹೋಟೆಲೊಂದನ್ನು ಹೊಕ್ಕು ಬೆಣ್ಣೆದೋಸೆ ತರಿಸಿದೆವು. ಸೌದೆಯ ಒಲೆ, ಕಾದ ಹಂಚು, ದೋಸೆಯ ಮೇಲೆ ಕರಗುವ ಬೆಣ್ಣೆ, ಬದಿಯಲ್ಲಿ ಆಲೂಗೆಡ್ಡೆಯ ಪಲ್ಯ, ಕಾಯಿಚಟ್ನಿ. ನಮ್ಮ ಮನೆಯವರು ಎರಡನೆಯ ದೋಸೆಗೆ ಹೇಳುವಷ್ಟರಲ್ಲಿ ಹುಡುಗಿ ಕಾಗದ ತೆಗೆದು ಬರೆಯತೊಡಗಿದಳು. ಮೂರು ವಿಷಯಗಳ ಪಾಠ 12 ಗಂಟೆ, ಪ್ರಯೋಗಶಾಲೆ 12, ಎರಡು ಭಾಷೆಗಳು 8, ಉಳಿದ ಕಡ್ಡಾಯ ಪಾಠ 2, ಒಟ್ಟು 34. ದಿನಕ್ಕೆ ಒಂದೂವರೆ ಗಂಟೆಯಂತೆ ಬಸ್ಸಿನಲ್ಲಿಯೂ ನಿಲ್ದಾಣದಲ್ಲಿಯೂ 9. ಮಕ್ಕಳ ಪಾಠ 12. ನಿದ್ದೆ 49. ಎಲ್ಲ ಕೂಡಿ 104. ವಾರದ 168 ಗಂಟೆಗಳಲ್ಲಿ 64 ಉಳಿಯುವುವು. ಓದು, ಊಟ, ಮನೆಗೆಲಸ ಅಷ್ಟರಲ್ಲಿ ಆಗಬೇಕು.

"ಪ್ರಯೋಗಶಾಲೆಯ ದಿನ 5 ಗಂಟೆಗೆ ನೀನು ಮನೆಯಲ್ಲಿರಲಾರೆಯಲ್ಲ?" ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಠವನ್ನು ಆರೂವರೆಗೆ ಇಡುವೆನು, ಮಾವ. ಇಬ್ಬರು ಸಣ್ಣವರು ಅಷ್ಟು ಹೊತ್ತಿಗೆ ಬರಲಾರರು. 600 ರೂಪಾಯಿ ಹೋಗುವುದು" ಎಂದಳು. ಆ ಅಂಕಿಯನ್ನೂ ಕಾಗದದ ಕೆಳಗೆ ಬರೆದಳು. ಮುಚ್ಚಿಡಬೇಕೆಂಬ ಯೋಚನೆ ಅವಳಿಗೆ ಬಾರದೆ ಹೋದುದು ನಮಗೆ ಮೆಚ್ಚಿಕೆಯಾಯಿತು.

ಈಗ ಅರ್ಜಿ ಹಾಕುವುದು ಗಣಕಯಂತ್ರದ ಮೂಲಕ. ಹತ್ತಿರದ ಅಂಗಡಿಯೊಂದರಲ್ಲಿ ಕುಳಿತ ಯುವಕನು ಮಿಂಚಿನಂತೆ ಬೆರಳಾಡಿಸಿ, "ಮುಗಿಯಿತು, ಒಪ್ಪಿಗೆ ಒತ್ತಲೇ?" ಎಂದನು. ನಾವು ತಲೆಯಾಡಿಸುವುದರಲ್ಲಿದ್ದೆವು. ಹುಡುಗಿ, "ಅಣ್ಣಾ, ಸ್ವಲ್ಪ ನಿಲ್ಲಿ, ಓದುವೆನು" ಎಂದಳು. ನೋಡಿದರೆ ಗಣಿತವಿದ್ದ ಸಾಲಿಗೆ ಬದಲಾಗಿ ಅದರ ಕೆಳಗಿನ ಸಾಲನ್ನು ಆರಿಸಿದ್ದಿತು. ಗಣಿತವಿರಬೇಕಾದೆಡೆಯಲ್ಲಿ ಬೇರೊಂದು ವಿಷಯ! ಅವನು ನಾಚಿ ತಿದ್ದಿದನು. ಒಂದು ಬೆರಳಿನ ಅಂತರದಲ್ಲಿ ಐದು ವರ್ಷದ ದಾರಿ ತಪ್ಪುತ್ತಿದ್ದಿತು. ವಾಚಕರಲ್ಲಿ ಮಕ್ಕಳನ್ನು ಕಾಲೇಜಿಗೆ ಸೇರಿಸುವವರು ಇದೊಂದನ್ನು ನೆನಪಿಡಬೇಕು: ಒಪ್ಪಿಗೆಗೆ ಮೊದಲು ಮಗುವೇ ಪ್ರತಿಯೊಂದು ಸಾಲನ್ನೂ ಓದಲಿ. ಅಂಕಪಟ್ಟಿಗಳು, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯದ ಪತ್ರಗಳ ನಕಲುಗಳನ್ನು ಮೊದಲೇ ಮಾಡಿಸಿಡಿ. ಆದಾಯದ ಪತ್ರಕ್ಕೆ ನಾಡಕಚೇರಿಗೆ ಮುಂಚಿತವಾಗಿ ಹೋಗಿ. ವಿದ್ಯಾರ್ಥಿವೇತನದ ಅರ್ಜಿಗೂ ಅದು ಬೇಕಾಗುವುದು.

ದೀಪ ಹಚ್ಚುವ ಹೊತ್ತಿಗೆ ಹರಿಹರಕ್ಕೆ ಮರಳಿದೆವು. ತಂದೆ ಗಿರಣಿಯಿಂದ ಬಂದು ಕೈಕಾಲು ತೊಳೆದು ಕುಳಿತರು. ಹುಡುಗಿ ಬೆಣ್ಣೆಯ ಕಲೆಬಿದ್ದ ಆ ಕಾಗದವನ್ನು ಅವರ ಮುಂದಿಟ್ಟಳು. ಅವರು ಕನ್ನಡಕ ಹಾಕಿಕೊಂಡು, ತೂಕದ ಚೀಟಿಯನ್ನು ನೋಡುವಂತೆ, ಮೇಲಿನಿಂದ ಕೆಳಗೆ ಎರಡು ಬಾರಿ ಬೆರಳೆಳೆದು ಕೂಡಿದರು. 600 ರೂಪಾಯಿಯ ಬಳಿ ಬೆರಳು ನಿಂತಿತು. ಮನೆಯಲ್ಲಿ ಯಾರೂ ಮಾತಾಡಲಿಲ್ಲ.

"ಈ 64 ಗಂಟೆಗಳಲ್ಲಿ ನಿಮ್ಮಮ್ಮನಿಗೆ ಎಷ್ಟು?" ಎಂದು ಕೇಳಿದರು. ಹತ್ತು ದಿನಗಳ ಮೇಲೆ ಮಗಳೊಡನೆ ಆಡಿದ ಮೊದಲ ಮಾತು ಅದು.

ಅವಳು ಉತ್ತರಿಸುವ ಮುನ್ನವೇ ಅಡಿಗೆಮನೆಯಿಂದ ತಂಗಿ, "ನನ್ನ ಪಾಲನ್ನು ನಾನು ಬಿಟ್ಟುಕೊಟ್ಟಿರುವೆನು" ಎಂದಳು.

ಅವರು ಕಾಗದವನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, "ತೂಕ ಸರಿಯಾಗಿದೆ. 600ಕ್ಕೆ ನಾನು ಏನಾದರೂ ನೋಡುವೆನು. ನಾಳೆ ಹಣ ಕಟ್ಟಿರಿ" ಎಂದರು.

ಮರುದಿನ ಹಣ ಕಟ್ಟಿ ರಸೀದಿ ಪಡೆದು, ಸಂಜೆಯ ಬಸ್ಸಿನಲ್ಲಿ ನಾವು ಊರಿಗೆ ಹೊರಟೆವು. ಸೇತುವೆಯ ಮೇಲೆ ಬಂದಾಗ ನೋಡಿದೆವು. ಮಲೆನಾಡಿನಲ್ಲಿ ಮಳೆ ಹಿಡಿದಿರಬೇಕು, ತುಂಗಭದ್ರೆಯ ನೀರು ಕೆಂಪಾಗಿ ಏರುತ್ತಲಿದ್ದಿತು.