ಎದೆಗೆ ಹಿಡಿದ ಫೋನು

ನಮ್ಮ ದೊಡ್ಡಪ್ಪನ ಕಿವಿ ಮಂದವಾಗಿದ್ದ ಕಾಲದ ಮಾತು. ಊರಿಗೆ ಮೊಬೈಲ್ ಇನ್ನೂ ಬಂದಿರಲಿಲ್ಲ. "ದನಿ ಕೇಳ್ತದೆ ಮಾರಾಯ, ಮಾತು ತಿಳಿಯೋದಿಲ್ಲ" ಅನ್ನುತ್ತಿದ್ದರು. ಅದು ನೆಪವಲ್ಲ. ವಯಸ್ಸಾದಂತೆ ಮೊದಲು ಕೈಕೊಡುವುದು ಕೀಚಲು, ತೆಳು ಶಬ್ದಗಳು. ಸ, ಶ, ತ ಎಲ್ಲ ಅಲ್ಲೇ ಇರುವುದು. ಅವು ಜಾರಿಹೋದರೆ ಮಾತಿನ ಗುನುಗು ಮಾತ್ರ ಉಳಿಯುತ್ತದೆ. ನಾವೋ, ಜೋರಾಗಿ ಕೂಗುತ್ತಿದ್ದೆವು. ಕೂಗಿದರೆ ಆ ಗುನುಗೇ ದೊಡ್ಡದಾಗುತ್ತದೆ, ಅಷ್ಟೇ.

ಪೇಟೆಯ ಅಂಗಡಿಯಿಂದ ಕಿವಿಯಂತ್ರ ತಂದಾಗಿತ್ತು. ಅಂಗಿಯ ಜೇಬಿನಲ್ಲಿಡುವ ಡಬ್ಬಿ, ಅದರಿಂದ ಕಿವಿಗೊಂದು ವಯರು. ಮಾರಿದವರು ಹಣ ಎಣಿಸಿಕೊಂಡರೇ ಹೊರತು ಬಳಸುವ ಬಗೆ ಹೇಳಿಕೊಡಲಿಲ್ಲ. ಪಾತ್ರೆ ಬಿದ್ದದ್ದು, ಅಂಗಿ ಉಜ್ಜಿದ್ದು ಎಲ್ಲವೂ ಒಂದೇ ಸಮ ಕಿವಿಗೆ ಹೊಡೆಯುತ್ತಿತ್ತು. ಡಬ್ಬಿ ಕಪಾಟು ಸೇರಿತು.

ಆಮೇಲೆ ಅವರನ್ನು ಮೈಸೂರಿನ ಮಾನಸಗಂಗೋತ್ರಿಗೆ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದೆವು. ಕಿವಿ ಪರೀಕ್ಷೆ ಮಾಡಿದ ಹುಡುಗಿ ಆ ಹಳೇ ಡಬ್ಬಿಯನ್ನೇ ಕೈಗೆತ್ತಿಕೊಂಡು, "ಅಜ್ಜಾ, ಈ ಗುಂಡಿ ಯಾಕಿದೆ ಗೊತ್ತಾ?" ಎಂದಳು. ಗುಂಡಿಯ ಪಕ್ಕ 'ಎಂ', 'ಟಿ' ಎಂದು ಬರೆದಿತ್ತು. ಎಂ ಅಂದರೆ ಮೈಕ್. ಟಿಗೆ ಸರಿಸಿದರೆ ಮೈಕ್ ಬಂದಾಗಿ, ಡಬ್ಬಿಯೊಳಗಿನ ಸಣ್ಣ ತಂತಿಸುರುಳಿ ಎಚ್ಚರಾಗುತ್ತದೆ. ಫೋನಿನ ರಿಸೀವರು ಮಾತಿನ ಜತೆ ಕಾಂತಕ್ಷೇತ್ರವನ್ನೂ ಹೊರಬಿಡುತ್ತದಲ್ಲ, ಸುರುಳಿ ಅದನ್ನು ಹಿಡಿದು ಮತ್ತೆ ಮಾತಾಗಿಸುತ್ತದೆ. ಸುರುಳಿ ಇರುವುದು ಜೇಬಿನ ಡಬ್ಬಿಯಲ್ಲಿ. ಹಾಗಾಗಿ ಫೋನನ್ನು ಹಿಡಿಯಬೇಕಾದದ್ದೂ ಕಿವಿಗಲ್ಲ, ಜೇಬಿಗೆ. ಅದೂ ತಲೆಕೆಳಗಾಗಿ, ಮಾತಾಡುವ ತುದಿ ಬಾಯಿಯ ಕಡೆ ಬರುವಂತೆ.

ಆ ಮಳೆಗಾಲದ ಒಂದು ರಾತ್ರಿ ಮುಂಬಯಿಯಿಂದ ಅಕ್ಕನ ಫೋನು ಬಂತು. ಅಂಗಳದ ತಗಡಿನ ಮೇಲೆ ಮಳೆ ಹೇಗೆ ಬಡಿಯುತ್ತಿತ್ತೆಂದರೆ ಪಕ್ಕದಲ್ಲಿದ್ದವರ ಮಾತೂ ಕೇಳುತ್ತಿರಲಿಲ್ಲ. ಕರೆಂಟೂ ಹೋಗಿತ್ತು. ಫೋನೆತ್ತಿದ ನನಗೆ "ಅಪ್ಪ" ಅನ್ನುವುದೊಂದು ಬಿಟ್ಟು ಏನೂ ತಿಳಿಯಲಿಲ್ಲ. ದೊಡ್ಡಪ್ಪ ಕೈಚಾಚಿ ರಿಸೀವರು ತೆಗೆದುಕೊಂಡರು, ಗುಂಡಿ ಸರಿಸಿದರು, ಎದೆಗೆ ಹಿಡಿದರು. ಮೈಕ್ ಬಂದಾಗಿದ್ದರಿಂದ ಮಳೆಯ ಅಬ್ಬರ ಯಂತ್ರಕ್ಕೆ ಸೋಕಲೇ ಇಲ್ಲ. ಕರೆಂಟಿನ ವಯರುಗಳಿಂದ ಟಿಯಲ್ಲಿ ಏಳುವ ಗುಂಯ್ ಸದ್ದೂ ಆ ಹೊತ್ತಿಗಿರಲಿಲ್ಲ. "ಹೂಂ... ಹೌದಾ ಮಗಾ? ಯಾವ ತಿಂಗಳು?" ಎಂದರು. ಅಕ್ಕ ಬಸುರಿಯಾದ ಸುದ್ದಿ ಮನೆಯಲ್ಲಿ ಮೊದಲು ಕೇಳಿದ್ದು ಕಿವಿ ಕೇಳದ ಮನುಷ್ಯ. ದೊಡ್ಡಮ್ಮ ಅವರ ಭುಜ ಅಲುಗಿಸಿ "ಏನಂತೆ, ಏನಂತೆ" ಎನ್ನುತ್ತಿದ್ದರು. ಅವರು ಕೈ ಅಡ್ಡ ಹಿಡಿದು ಮಾತು ಮುಂದುವರಿಸಿದರು. ಅವರು ಅಷ್ಟು ಹೊತ್ತು ಫೋನಿನಲ್ಲಿ ಮಾತಾಡಿದ್ದನ್ನು ಅದಕ್ಕೆ ಮೊದಲು ನಾನು ನೋಡಿರಲೇ ಇಲ್ಲ.

ಈ ಉಪಾಯವೇನೂ ಹೊಸದಲ್ಲ. ಬ್ರಿಟನ್ನಿನ ಜೋಸೆಫ್ ಪೋಲಿಯಾಕಾಫ್ 1937ರಲ್ಲೇ ಇಂಥ ಇಂಡಕ್ಷನ್ ಲೂಪಿಗೆ ಪೇಟೆಂಟ್ ಪಡೆದಿದ್ದ. ಸಭಾಂಗಣದ ಸುತ್ತ ತಂತಿ ಎಳೆದು ಮೈಕಿನ ಆಂಪ್ಲಿಫೈಯರಿಗೆ ಜೋಡಿಸಿದರೆ, ಕಿವಿಯಂತ್ರವನ್ನು ಟಿಗೆ ಹಾಕಿಕೊಂಡವರಿಗೆಲ್ಲ ಭಾಷಣ ನೇರ ಕಿವಿಗೇ ಬರುತ್ತದೆ. ಈಗಿನ ಪುಟ್ಟ ಯಂತ್ರಗಳಲ್ಲಿ ಬ್ಲೂಟೂತ್ ಬಂದಿದೆ, ಸುರುಳಿಯನ್ನು ಎಷ್ಟೋ ಮಾದರಿಗಳಲ್ಲಿ ಕೈಬಿಟ್ಟಿದ್ದಾರೆ. ನನ್ನ ಮಟ್ಟಿಗೆ ಅದು ನಷ್ಟವೇ.

ನಿಮ್ಮ ಮನೆಯಲ್ಲಿ ಕಿವಿಯಂತ್ರದವರಿದ್ದರೆ, ಅದರಲ್ಲಿ ಟಿ ಇದೆಯೇ, ಇದ್ದರೆ ಚಾಲೂ ಮಾಡಿದ್ದಾರೆಯೇ ಎಂದು ಆಡಿಯಾಲಜಿಸ್ಟರನ್ನು ಕೇಳಿ. ಊರಿನ ಸಭಾಭವನ ಕಟ್ಟಿಸುವವರು ನೀವಾದರೆ, ನೆಲಕ್ಕೆ ಕಲ್ಲು ಹಾಸುವ ಮೊದಲೇ ಲೂಪಿನ ತಂತಿ ಹಾಕಿಸಿಬಿಡಿ.